ಹಾಲಪ್ಪನ ಕಿಟಕಿ

ತುಂಗಭದ್ರೆಯ ದಂಡೆಯ ಮಠವೊಂದರಲ್ಲಿ ಕಂಪ್ಯೂಟರಿನ ಜಾವಾ ಭಾಷೆ ಕಲಿಸುವ ಗುರುವೊಬ್ಬರಿದ್ದರು. ಎಲ್ಲರೂ ಅಜ್ಜಯ್ಯ ಅನ್ನೋರು. ಕಾವಿ ಉಡುವುದಕ್ಕೆ ಮುಂಚೆ ಪ್ರೋಗ್ರಾಂ ಬರೆದೇ ಹೊಟ್ಟೆ ಹೊರೆದವರು.

ಶಿಷ್ಯರು ಇಬ್ಬರು, ಕೊಟ್ರಯ್ಯ ಮತ್ತು ಹಾಲಪ್ಪ. ಒಂದೇ ಪಂಕ್ತಿಯಲ್ಲಿ ಊಟ. ಕೊಟ್ರಯ್ಯನ ಕಣ್ಣು ಮಾತ್ರ ಯಾವಾಗಲೂ ಹಾಲಪ್ಪನ ಎಲೆಯ ತುಪ್ಪದ ಮೇಲೆ.

ಒಂದು ದಿನ ಅಜ್ಜಯ್ಯ ಇಬ್ಬರನ್ನೂ ಕರೆದರು.

"ಭಕ್ತರು ಇದ್ದಲ್ಲಿಂದಲೇ ಫೋನಿನಲ್ಲಿ ಮಠದ ಕೋಣೆ ಕಾದಿರಿಸಬೇಕು. ಅವರ ಫೋನೂ ನಮ್ಮ ಸರ್ವರ್ ಕಂಪ್ಯೂಟರೂ ಹೆಂಗೆ ಮಾತಾಡಬೇಕು, ನೀವೇ ಆರಿಸಿ. ಯಾರದು ಹೊಂದುತ್ತೋ ಅವರಿಗೆ ಇದು."

ಸೊಂಟದಲ್ಲಿದ್ದ ಸರ್ವರ್ ಕೋಣೆಯ ಕೀಲಿಕೈ ತೋರಿಸಿದರು.

ಅದು ಹಾಲಪ್ಪನ ಸೊಂಟದಲ್ಲಿ ನೇತಾಡುವುದನ್ನು ನೆನೆದೇ ಕೊಟ್ರಯ್ಯನ ಹೊಟ್ಟೆಗೆ ಬೆಂಕಿ ಬಿತ್ತು.

ತನ್ನ ಕೆಲಸ ಬಿಟ್ಟು ಹಾಲಪ್ಪನ ಕಿಟಕಿಗೆ ಹೋಗಿ ನಿಂತ. ಬೆಳಿಗ್ಗೆ ನಿಂತ, ಮಧ್ಯಾಹ್ನವೂ ನಿಂತ.

ಕಸ ಗುಡಿಸುವ ಗಂಗವ್ವ ಬಿಟ್ಟಾಳೆಯೇ? "ಏನ್ರೀ ಕೊಟ್ರಯ್ಯನೋರೆ, ಒಳಗೆ ಹೆಣ್ಣು ಗಿಣ್ಣು ಐತೇನು?"

ಒಳಗೆ ಹಾಲಪ್ಪ ಆರಿಸಿದ್ದು ರೆಸ್ಟ್ ಎಂಬ ಪದ್ಧತಿ. ಫೋನು ಕೇಳುತ್ತದೆ, ಸರ್ವರು ಉತ್ತರ ಕೊಡುತ್ತದೆ, ಅಲ್ಲಿಗೆ ಮುಗಿಯಿತು.

"ಥೂ, ಹುಡುಗರಾಟ," ಅಂದುಕೊಂಡ ಕೊಟ್ರಯ್ಯ. ಹಾಲಪ್ಪ ಹಿಡಿದದ್ದನ್ನು ತಾನು ಮುಟ್ಟುವುದೇ? ತಾನು ವೆಬ್‌ಸಾಕೆಟ್ ಎಂಬ ಇನ್ನೊಂದು ಪದ್ಧತಿ ಹಿಡಿದ. ಒಮ್ಮೆ ಸಿಕ್ಕಿದ ಲೈನು ಬಿಡುವುದೇ ಇಲ್ಲ; ಫೋನೂ ಸರ್ವರೂ ಹೊಸದಾಗಿ ಮದುವೆಯಾದವರ ಹಾಗೆ ಕೈ ಹಿಡಿದೇ ಕೂತಿರುತ್ತವೆ.

"ಅಜ್ಜಯ್ಯ, ಹಾಲಪ್ಪಂದು ಹಳೇ ಕಾಲದ್ದು. ನಂದು ನೋಡಿ."

"ಆಗಲಿ, ಮೊದಲು ನಿಂದೇ ಹಚ್ಚೋಣ."

ಮಠಕ್ಕೆ ಜನ ಸೇರುವ ಅಮಾವಾಸ್ಯೆ ಬಂತು. ಊರೂರಿನ ಭಕ್ತರು ಫೋನು ತೆರೆದರು. ಕೋಣೆ ಕಾದಿರಿಸಿದವರ ಲೈನೂ ಬಿಡಲಿಲ್ಲ, ಸುಮ್ಮನೆ ಇಣುಕಿದವರ ಲೈನೂ ಬಿಡಲಿಲ್ಲ. ಆ ಮುದಿ ಸರ್ವರು ಎಷ್ಟು ಜನರ ಕೈ ಹಿಡಿದೀತು? ಮಕಾಡೆ ಮಲಗಿತು. ಕೋಣೆ ಸಿಗದೆ ಮಠದ ಮುಂದೆ ಗಂಟುಮೂಟೆ ಹೊತ್ತು ಬಿಸಿಲಲ್ಲಿ ನಿಂತವರು ಬೈದದ್ದು ಹೊಳೆಯ ಆಚೆ ದಂಡೆಗೂ ಕೇಳಿತು.

ಕೊಟ್ರಯ್ಯ ಓಡಿ ಬಂದ. "ಅಜ್ಜಯ್ಯ, ಇದು ಹಾಲಪ್ಪನದೇ ಕೈವಾಡ!"

ಅಜ್ಜಯ್ಯ ತಲೆ ಎತ್ತಲಿಲ್ಲ. "ದಾಸೋಹದ ಮನೆಗೆ ಹೋಗಿ ಅನ್ನ ಆಯ್ತಾ ಕೇಳ್ಕೊಂಡು ಬಾ."

ಹೋದ, ಬಂದ. "ಇನ್ನೂ ಬೇಯ್ತಾ ಐತಂತೆ."

"ಯಾಕೆ ಬಂದೆ? ಬಾಗಿಲು ಹಿಡ್ಕೊಂಡು ಅಲ್ಲೇ ನಿಂತಿರಬೇಕಿತ್ತು."

"ಉತ್ತರ ಸಿಕ್ತಲ್ಲ, ಅಜ್ಜಯ್ಯ. ಇನ್ನೇನು ಕೆಲಸ ಅಲ್ಲಿ? ನಾನು ಬಾಗಿಲಲ್ಲಿ ನಿಂತ್ರೆ ಉಳಿದೋರು ಹೋಗೋದು ಹೆಂಗೆ?"

ಅಂದವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಮೆಲ್ಲಗೆ, "ಹಂಗಾದ್ರೆ ವೆಬ್‌ಸಾಕೆಟ್ ಕೆಟ್ಟದ್ದಾ?"

"ಯಾರು ಅಂದ್ರು? ಸುದ್ದಿ ಬಿಡದೆ ಹರಿಯೋ ಕಡೆ ಅದೇ ಬೇಕು. ಕೋಣೆ ಐತಾ ಅಂತ ಕೇಳೋಕೆ ಬೇಕೇನೋ? ನೀನು ಕೆಲಸ ನೋಡಿ ಆರಿಸ್ಲಿಲ್ಲ."

ಅಜ್ಜಯ್ಯ ಕೀಲಿಕೈ ಬಿಚ್ಚಿ ಹಾಲಪ್ಪನಿಗೆ ಕೊಟ್ಟರು. ಹಾಲಪ್ಪ ಸರ್ವರ್ ಕೋಣೆಯತ್ತ ನಡೆದ. ಅವನೇನು ಮಾಡುತ್ತಾನೋ ನೋಡಲು ಕೊಟ್ರಯ್ಯನ ಕಾಲುಗಳೂ ತಾವಾಗಿ ಅತ್ತಲೇ ಹೊರಟವು.

"ಕೊಟ್ರಯ್ಯ," ಅಂದರು ಅಜ್ಜಯ್ಯ. "ಭಕ್ತರ ಲೈನುಗಳನ್ನೆಲ್ಲ ಹಾಲಪ್ಪ ಬಿಡಿಸ್ತಾನೆ. ಅವನ ಕಿಟಕಿಗೆ ನೀನು ಹಾಕಿರೋ ಲೈನನ್ನ ಯಾರು ಬಿಡಿಸಬೇಕಪ್ಪಾ?"