ನರಿ ಸದಸ್ಯನ ವರದಿ

ಒಂದು ಕಾಡಿನಲ್ಲಿ ಎರಡು ಕೇರಿಗಳಿದ್ದವು. ಮೇಲೆ ಗುಡ್ಡದ ಕೇರಿ, ಕೆಳಗೆ ಹಳ್ಳದ ಕೇರಿ. ಆ ಕಾಡಿಗೆ ರಾಜನಿರಲಿಲ್ಲ. ಕೇರಿಯವರೇ ತಮ್ಮಲ್ಲೊಬ್ಬರನ್ನು ಸದಸ್ಯರಾಗಿ ಆರಿಸುತ್ತಿದ್ದರು. ತಿಂಗಳಿಗೊಮ್ಮೆ ಬೂರುಗದ ಮರದ ಕೆಳಗೆ ಸಭೆ ಸೇರುತ್ತಿತ್ತು. ಕುಡಿಯುವ ನೀರು ಹೇಗಿದೆ, ದಾರಿ ಹೇಗಿದೆ, ಕಾವಲು ಹೇಗಿದೆ ಎಂದು ಸದಸ್ಯರು ಎದ್ದು ನಿಂತು ಎಲ್ಲರೆದುರು ವರದಿ ಒಪ್ಪಿಸಬೇಕಿತ್ತು. ಮುದಿ ಕಾಡುಕೋಣ ದೊಡ್ಡಯ್ಯ ಸಭೆಯ ಅಧ್ಯಕ್ಷ.

ಗುಡ್ಡದ ಕೇರಿಯ ಸದಸ್ಯೆ ಸಾತವ್ವ ಎಂಬ ಮುಳ್ಳುಹಂದಿ. ಅವಳ ವರದಿ ಯಾರಿಗೂ ರುಚಿಸುತ್ತಿರಲಿಲ್ಲ.

"ಒರತೆ ಅರ್ಧ ಬತ್ತಿದೆ. ದಾರಿಯ ಮುಳ್ಳು ಕಾಲುಭಾಗ ತೆಗೆದಿದ್ದೇವೆ, ಮುಕ್ಕಾಲು ಉಳಿದಿದೆ," ಎಂದಷ್ಟೇ ಹೇಳಿ ಅವಳು ಕುಳಿತುಬಿಡುತ್ತಿದ್ದಳು. ಕೇಳುತ್ತಿದ್ದವರು ಆಕಳಿಸುತ್ತಿದ್ದರು.

ಹಳ್ಳದ ಕೇರಿಯ ಸದಸ್ಯ ಕೆಂಚಪ್ಪ ಎಂಬ ನರಿ. ಅವನು ಎದ್ದನೆಂದರೆ ಮೊಲಗಳು ಕಿವಿ ನೆಟ್ಟಗೆ ಮಾಡುತ್ತಿದ್ದವು. "ಮಾನ್ಯ ಅಧ್ಯಕ್ಷರೇ, ನಮ್ಮ ಕೇರಿಯಲ್ಲಿ ನೀರು ಕನ್ನಡಿಯ ಹಾಗಿದೆ, ದಾರಿ ಅಂಗೈಯ ಹಾಗಿದೆ!" ಎಂದು ಶುರು ಮಾಡುತ್ತಿದ್ದ. ಎಲ್ಲರಿಗಿಂತ ಹೆಚ್ಚು ಹಿಗ್ಗುತ್ತಿದ್ದವಳು ಅವನ ಚಿಕ್ಕಮ್ಮ ಹೊನ್ನವ್ವ. ತಾಯಿ ಸತ್ತ ಮೇಲೆ ಕೆಂಚಪ್ಪನನ್ನು ಸಾಕಿ ಬೆಳೆಸಿದವಳು ಅವಳೇ. "ನಮ್ಮ ಕೆಂಚ ಹೇಳಿದ ಮೇಲೆ ಮುಗೀತು," ಎಂದು ಪಕ್ಕದವರಿಗೆಲ್ಲ ಹೇಳುತ್ತಿದ್ದಳು.

ಎರಡು ಕೇರಿಗಳ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಅದರ ಮೇಲೆ ಒಂದು ಉದ್ದನೆಯ ಮರದ ದಿಮ್ಮಿ ಅಡ್ಡ ಬಿದ್ದಿತ್ತು. ಅದೇ ಸೇತುವೆ. ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗ ಕೆಳಗಿನ ಕೇರಿಯವರೆಲ್ಲ ಅದನ್ನು ದಾಟಿ ಗುಡ್ಡ ಹತ್ತುತ್ತಿದ್ದರು. ಅದನ್ನು ನೋಡಿಕೊಳ್ಳುವ ಹೊಣೆ ಕೆಂಚಪ್ಪನದು.

ಒಂದು ಬೇಸಿಗೆಯ ಸಭೆಯಲ್ಲಿ ಸಾತವ್ವ ಎದ್ದಳು. "ದಿಮ್ಮಿಯ ಹೊಟ್ಟೆಗೆ ಗೆದ್ದಲು ಹಿಡಿದಿದೆ. ಮಳೆಗೆ ಮುಂಚೆ ಹೊಸದು ಹಾಕಿಸಬೇಕು."

"ಅಯ್ಯೋ, ಅದು ನನ್ನ ಗಮನದಲ್ಲಿದೆ ಸಾತವ್ವ," ಎಂದ ಕೆಂಚಪ್ಪ. "ಮುಂದಿನ ಸಭೆಯೊಳಗೆ ಮಾಡಿಸಿಬಿಡುತ್ತೇನೆ."

ಮಾಡಿಸುವುದು ಕಷ್ಟವೂ ಆಗಿರಲಿಲ್ಲ. ಪ್ರತಿವರ್ಷ ಮಳೆಗೆ ಮುಂಚೆ ಆನೆಗಳ ಹಿಂಡು ಆ ದಾರಿಯಾಗಿ ಹೋಗುತ್ತಿತ್ತು. ಹೋಗುವಾಗ ಒಂದೊಂದು ಕೇರಿಗೆ ಒಂದು ದಿನ ದುಡಿದುಕೊಡುತ್ತಿತ್ತು. ಆ ವರ್ಷವೂ ಆನೆಗಳು ಬಂದವು. "ಏನು ಕೆಲಸ ಹೇಳಪ್ಪ," ಎಂದವು.

ಕೆಂಚಪ್ಪ ಯೋಚಿಸಿದ. ದಿಮ್ಮಿ ಇರುವುದು ಹಳ್ಳದ ತಗ್ಗಿನಲ್ಲಿ. ಹೊಸದು ಹಾಕಿದರೂ ಎಲ್ಲರೂ ತುಳಿದುಕೊಂಡು ಹೋಗುತ್ತಾರೆ, ಹೊಗಳುವವರು ಯಾರು? ಸಭೆಯ ಜಾಗದಲ್ಲಿ ಒಂದು ದೊಡ್ಡ ಹಾಸುಬಂಡೆ ತಂದಿಟ್ಟರೆ ಎಲ್ಲರಿಗೂ ಕಾಣುತ್ತದೆ. ದಿಮ್ಮಿ ಇನ್ನೊಂದು ಮಳೆಗಾಲ ತಡೆದೀತು.

ಆನೆಗಳು ದಿನವಿಡೀ ಬಂಡೆ ಎಳೆದವು. ಸಂಜೆಗೆ ಅದನ್ನು ಬೂರುಗದ ಮರದ ಕೆಳಗೆ ಕೂರಿಸಿ ತಮ್ಮ ದಾರಿ ಹಿಡಿದವು.

ಸಭೆಯ ದಿನ ಹತ್ತಿರ ಬಂತು. ಆಗ ಕೆಂಚಪ್ಪನಿಗೆ ದಿಮ್ಮಿಯ ಚಿಂತೆ ಹತ್ತಿತು. ಅವನು ಹಳ್ಳದ ಜೇಡಿಮಣ್ಣು ತಂದು ದಿಮ್ಮಿಯ ಬಿರುಕಿಗೆಲ್ಲ ಮೆತ್ತಿದ. ಮೇಲೆ ಹಸಿ ತೊಗಟೆ ಹೊದಿಸಿ, ಬಳ್ಳಿ ಸುತ್ತಿ ಬಿಗಿದ. ದೂರದಿಂದ ನೋಡಿದರೆ ಹೊಚ್ಚ ಹೊಸದರಂತೆ ಕಾಣುತ್ತಿತ್ತು.

"ಮಾನ್ಯ ಅಧ್ಯಕ್ಷರೇ," ಎಂದ ಸಭೆಯಲ್ಲಿ, "ತಾವು ಕೂರಲು ಬಂಡೆಯೂ ಬಂತು, ಹಳ್ಳಕ್ಕೆ ಗಟ್ಟಿ ಸೇತುವೆಯೂ ಆಯಿತು!"

ಎಲ್ಲರೂ ಕೂಗಿ ಸಂತೋಷಪಟ್ಟರು. ಸಾತವ್ವ ಮಾತ್ರ ಎದ್ದು ನಿಂತಳು. "ನಿಮ್ಮ ಕೇರಿಯಲ್ಲಿ ಆನೆಗಳು ಇದ್ದದ್ದು ಒಂದೇ ದಿನ. ಬಂಡೆಯನ್ನೂ ಎಳೆದು ದಿಮ್ಮಿಯನ್ನೂ ಹಾಕಿದವೇ?"

ಕೆಂಚಪ್ಪ ನಕ್ಕ. "ನಮ್ಮ ಕೇರಿಯ ಏಳಿಗೆಯಾದರೆ ಸಾತವ್ವನಿಗೆ ಮೈಯೆಲ್ಲ ಮುಳ್ಳು ನಿಲ್ಲುತ್ತೆ, ನೋಡಿ!"

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಸಾತವ್ವ ತಲೆ ತಗ್ಗಿಸಿದಳು. ಆದರೂ ಪಟ್ಟು ಬಿಡಲಿಲ್ಲ. ಕೊನೆಗೆ ದೊಡ್ಡಯ್ಯನೇ ನೋಡಿಬರಲು ಹೊರಟ. ದಿಮ್ಮಿ ಅವನ ಭಾರಕ್ಕೆ ತಕ್ಕದ್ದಲ್ಲ, ಹಾಗಾಗಿ ದಡದಲ್ಲೇ ನಿಂತ. ಬಿಸಿಲು ಚುರುಗುಡುತ್ತಿತ್ತು. ಸಾತವ್ವ ಉಗುರಿನಿಂದ ತೊಗಟೆ ಕೆರೆಯಲು ಮುಂದೆ ಹೋದಳು.

"ಹೊಸ ಕೆಲಸ ಕೆಡಿಸಬೇಡವ್ವ," ಎಂದ ದೊಡ್ಡಯ್ಯ. "ಕಾಣುತ್ತಿದೆಯಲ್ಲ, ಚೆನ್ನಾಗಿದೆ. ನಡಿ, ನೆರಳಿಗೆ ಹೋಗೋಣ."

ಮಳೆಗಾಲ ಬಂತು. ನಾಲ್ಕು ದಿನ ಬಿಡದೆ ಸುರಿಯಿತು. ಐದನೆಯ ದಿನ ಬೆಳಿಗ್ಗೆ ಹಳ್ಳ ಕೆಂಪಗೆ ಉಕ್ಕಿ ಕೆಳಗಿನ ಕೇರಿಯ ಬಿಲಗಳಿಗೆ ನುಗ್ಗಿತು. ಮೊಲಗಳು, ಮುಂಗುಸಿಗಳು, ಜಿಂಕೆಗಳು ಮರಿಗಳೊಂದಿಗೆ ದಿಮ್ಮಿಯ ಬಳಿಗೆ ಓಡಿ ಬಂದವು. ಕೆಂಚಪ್ಪನೂ ಹೊನ್ನವ್ವನನ್ನು ಕರೆದುಕೊಂಡು ಬಂದ. ಎಲ್ಲರಿಗಿಂತ ಹಿಂದೆ ನಿಂತ.

ಆಚೆ ದಡದಲ್ಲಿ ಸಾತವ್ವ ಮಳೆಯಲ್ಲಿ ನೆನೆಯುತ್ತ ಕೂಗುತ್ತಿದ್ದಳು. "ಅದರ ಮೇಲೆ ಕಾಲಿಡಬೇಡಿ! ಸುತ್ತಿಕೊಂಡು ಬನ್ನಿ! ಹಳ್ಳದ ಮೇಲ್ಗಡೆ ಬಂಡೆಗಳ ಹತ್ತಿರ ದಾಟಬಹುದು!"

ಮೇಲಿನ ಬಂಡೆಗಳಿಗೆ ಅರ್ಧ ದಿನದ ನಡಿಗೆ. ಮುಂದೆ ನಿಂತಿದ್ದ ಜಿಂಕೆಯೊಂದು ಹಿಂದುಮುಂದು ನೋಡಿತು. "ಏನು ಮಾಡೋಣ? ಸಾತವ್ವ ಬೇಡ ಅಂತಾಳೆ. ಸದಸ್ಯರು ಗಟ್ಟಿಯಾಗಿದೆ ಅಂದಿದ್ದರು."

ಎಲ್ಲರೂ ತಿರುಗಿ ಕೆಂಚಪ್ಪನನ್ನು ನೋಡಿದರು. ಈಗ ನಿಜ ಹೇಳಿದರೆ ಈ ಇಷ್ಟೂ ಕಣ್ಣುಗಳು ತನ್ನನ್ನು ಹೇಗೆ ನೋಡಿಯಾವು ಎಂದು ಅವನು ಹೆದರಿದ. ಯಾರಾದರೂ ಸುತ್ತು ದಾರಿ ಹಿಡಿಯಲಿ, ಎಲ್ಲರೂ ಅವರ ಹಿಂದೆ ಹೋಗಲಿ, ಮಾತಿಲ್ಲದೆ ಇದು ಮುಗಿದುಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಅಷ್ಟರಲ್ಲಿ ಹೊನ್ನವ್ವ ಮುಂದೆ ಹೋದಳು.

"ಎಂಥ ಪುಕ್ಕಲರಪ್ಪ ನೀವು!" ಎಂದಳು. "ನಮ್ಮ ಕೆಂಚ ಮಾಡಿಸಿದ ಸೇತುವೆಗೆ ಹೆದರುತ್ತೀರಾ? ನಾನು ಮುದುಕಿ, ನಾನೇ ಮೊದಲು ದಾಟುತ್ತೇನೆ. ನೋಡಿಕೊಂಡು ಮಕ್ಕಳನ್ನು ಕರೆತನ್ನಿ."

ಅವಳು ದಿಮ್ಮಿಯ ಮೇಲೆ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಕೆಂಚಪ್ಪ ಬಾಯಿ ತೆರೆದ. ಸ್ವರ ಹೊರಡಲಿಲ್ಲ. ಅವಳು ನಡುವಿಗೆ ಬಂದು, ನಗುತ್ತ ಹಿಂದೆ ತಿರುಗಿ ಅವನತ್ತ ನೋಡಿದಳು. ಮಣ್ಣು ಕರಗಿ ಜಾರಿತು. ದಿಮ್ಮಿ ಲಟ್ಟೆಂದು ಮುರಿಯಿತು.

"ಚಿಕ್ಕವ್ವಾ!" ಎಂದು ಆಗ ಚೀರಿದ ಕೆಂಚಪ್ಪ. ನೀರಿಗೆ ಹಾರಿದ. ಹಳ್ಳ ಅವನನ್ನು ಎತ್ತಿ ಬೇರುಗಳಿಗೆ ಬಡಿಯಿತು. ಮುಂಗಾಲು ಮುರಿಯಿತು. ಮುಂಗುಸಿಗಳು ಅವನನ್ನು ದಡಕ್ಕೆ ಎಳೆದುಹಾಕಿದವು. ಹೊನ್ನವ್ವ ಸಿಗಲಿಲ್ಲ.

ಉಳಿದವರು ಸುತ್ತು ದಾರಿ ಹಿಡಿದರು. ಆಚೆ ದಡದಲ್ಲಿ ಸಾತವ್ವ ಕೂಗಿ ದಾರಿ ಹೇಳುತ್ತ ಅವರ ಜೊತೆಗೇ ನಡೆದಳು. ಸಂಜೆಯ ಹೊತ್ತಿಗೆ ಎಲ್ಲರೂ ಗುಡ್ಡ ಸೇರಿದರು.

ಮಳೆ ಬಿಡುವು ಕೊಟ್ಟಾಗ ಸಭೆ ಸೇರಿತು. ಕೆಂಚಪ್ಪ ಕುಂಟುತ್ತ ಬಂದು ನಿಂತ. ಈ ಸಲ 'ಮಾನ್ಯ ಅಧ್ಯಕ್ಷರೇ' ಎನ್ನಲಿಲ್ಲ.

"ಸೇತುವೆ ಮಾಡಿಸಲಿಲ್ಲ," ಎಂದ. "ಹಳೆಯದಕ್ಕೇ ಮಣ್ಣು ಮೆತ್ತಿದೆ. ಚಿಕ್ಕವ್ವ ಕಾಲಿಟ್ಟಾಗ ಗೊತ್ತಿತ್ತು. 'ನಿಲ್ಲು' ಅನ್ನುವಷ್ಟು ಹೊತ್ತೂ ಇತ್ತು. ಅನ್ನಲಿಲ್ಲ. ಇದೇ ನನ್ನ ವರದಿ."

ದೊಡ್ಡಯ್ಯ ಎದ್ದು ನಿಂತ. "ನೋಡಲು ಹೋದವನು ನಾನು. ನೋಡದೆ ಬಂದೆ. ಸಾತವ್ವ ಕೆರೆಯಲು ಹೋದರೆ ತಡೆದೆ." ಹಿಂದಿನ ಸಭೆಯಲ್ಲಿ ನಕ್ಕಿದ್ದ ಮೊಲಗಳು ಕಿವಿ ಜೋಲಿಸಿ ಕುಳಿತಿದ್ದವು. ಸಾತವ್ವ ಯಾರಿಗೂ 'ನಾನು ಹೇಳಲಿಲ್ಲವೇ' ಎನ್ನಲಿಲ್ಲ. ಅವಳೂ ಅಳುತ್ತಿದ್ದಳು.

ಕೆಂಚಪ್ಪನ ಸದಸ್ಯತನ ಹೋಯಿತು. ಆನೆಗಳು ಮತ್ತೆ ಬರಲು ವರ್ಷ ಕಾಯಬೇಕು. ಅದಕ್ಕೇ ಪ್ರಾಣಿಗಳೇ ಕೂಡಿ, ಗಾಳಿಗೆ ಬಿದ್ದ ಮತ್ತಿಮರವೊಂದನ್ನು ಉರುಳಿಸತೊಡಗಿದವು. ಅದನ್ನು ಹಳ್ಳಕ್ಕೆ ಅಡ್ಡ ಹಾಕಲು ಹನ್ನೊಂದು ದಿನ ಹಿಡಿಯಿತು. ಕೆಂಚಪ್ಪ ಮೂರು ಕಾಲಿನಲ್ಲಿ ನಿಂತು ಹನ್ನೊಂದು ದಿನವೂ ಹೆಗಲು ಕೊಟ್ಟ. ಕೊನೆಯ ದಿನ ದಿಮ್ಮಿಯ ಒಂದೊಂದು ಗಂಟನ್ನೂ ಮೂಸಿ, ಕಚ್ಚಿ, ತುಳಿದು ನೋಡಿದ. ಅದು ಗಟ್ಟಿಯಾಗಿತ್ತು.

ಅಷ್ಟರಲ್ಲಿ ಆ ಜಿಂಕೆ ಮರಿಯೊಂದಿಗೆ ದಡಕ್ಕೆ ಬಂತು. ಕೆಂಚಪ್ಪ ದಿಮ್ಮಿಯ ಪಕ್ಕದಲ್ಲೇ ನಿಂತಿದ್ದ. "ದಾಟಮ್ಮ, ಏನೂ ಭಯವಿಲ್ಲ," ಎಂದ.

ಜಿಂಕೆ ಕಾಲು ಎತ್ತಲಿಲ್ಲ. ಆಚೆ ದಡದತ್ತ ಕತ್ತು ಚಾಚಿ ಕೂಗಿತು.

"ಸಾತವ್ವಾ, ದಾಟಬಹುದಾ?"

ಸಾತವ್ವ ಬರುವವರೆಗೆ ಅದು ಅಲ್ಲೇ ಕಾದು ನಿಂತಿತು. ಕೆಂಚಪ್ಪ ತಲೆ ತಗ್ಗಿಸಿ, ದಾರಿ ಬಿಟ್ಟು, ಪಕ್ಕಕ್ಕೆ ಸರಿದ.

ನೀತಿ: ಮಾಡದ ಕೆಲಸವನ್ನು ಮಾಡಿದೆನೆಂದು ಹೇಳಬಾರದು, ನಮ್ಮನ್ನು ಎಲ್ಲರಿಗಿಂತ ಹೆಚ್ಚು ನಂಬಿದವರೇ ಆ ಸುಳ್ಳಿನ ಮೇಲೆ ಮೊದಲು ಕಾಲಿಡುತ್ತಾರೆ.