ಮೂರು ಬಾಗಿಲು, ಒಂದು ಒಲೆ

ಮೂರು ರಾಜ್ಯಗಳ ಗಡಿ ಕೂಡುವ ಕಡೆ ಒಬ್ಬ ಸಾಹುಕಾರ ಮನೆ ಕಟ್ಟಿಸಿದ್ದ. ಒಂದೊಂದು ರಾಜ್ಯಕ್ಕೆ ಒಂದೊಂದು ಬಾಗಿಲು. ಒಂದೊಂದು ಬಾಗಿಲಿಗೆ ಒಂದೊಂದು ಹೆಸರಿನ ಫಲಕ. ನಡುವೆ ಅಡುಗೆಮನೆ. ಅಲ್ಲಿ ಹಂಪಯ್ಯ ಇಪ್ಪತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದ.

ಮೂಡಣ ರಾಜ್ಯದಲ್ಲಿ ಸಾಹುಕಾರನ ಬಣ್ಣದ ಕಾರ್ಖಾನೆಯಿತ್ತು. ಅದರ ಕೊಳೆನೀರು ಇಳಿದು ಪಕ್ಕದ ಹಳ್ಳಿಯ ಬಾವಿ ನೀಲಿಯಾಯಿತು. ಆ ಹಳ್ಳಿಯ ಗಾಳೆವ್ವನ ಮೊಮ್ಮಗಳು ಹಾಸಿಗೆ ಹಿಡಿದಳು. ಗಾಳೆವ್ವ ಒಂದು ಚೊಂಬು ನೀಲಿ ನೀರು ಹಿಡಿದು ಮೂಡಣ ಬಾಗಿಲಿಗೆ ಬಂದಳು. ಬೇರೆ ಬಾವಿ ತೋಡಿಸಿಕೊಡಿ ಎಂದಳು.

ಸಾಹುಕಾರ ಕೆಂಪು ಪೇಟ ಸುತ್ತಿ ಹೊರಬಂದ. "ಕಾರ್ಖಾನೆ ಪಡುವಣ ಬಾಗಿಲಿನವರದು, ತಾಯಿ."

ಅವಳು ಗಡಿ ಸುತ್ತಿ ಪಡುವಣ ಬಾಗಿಲಿಗೆ ಬರುವಷ್ಟರಲ್ಲಿ ಅವನು ಅಡುಗೆಮನೆ ದಾಟಿ, ಬಿಳಿ ಪೇಟ ಸುತ್ತಿ ನಿಂತಿದ್ದ. "ತೆಂಕಣ ಬಾಗಿಲಿನವರನ್ನು ಕೇಳಿ."

ತೆಂಕಣದಲ್ಲಿ ಹಸಿರು ಪೇಟ. "ನಾವು ಪಾಲಾಗಿ ಹತ್ತು ವರ್ಷ."

"ಮುಖ ಒಂದೇ ಇದೆಯಲ್ಲಪ್ಪ."

"ಅಣ್ಣತಮ್ಮಂದಿರು, ತಾಯಿ. ಹೋಲಿಕೆ ಇರ್ತದೆ."

ಒಳಗೆ ಹಂಪಯ್ಯ ನಕ್ಕ. ಗಾಳೆವ್ವ ಕಿಟಕಿಯಲ್ಲಿ ಬಗ್ಗಿ ಕೇಳಿದಳು. "ಅಣ್ಣಾ, ಈ ಮನೆ ಯಾರದು?"

"ಅಡುಗೆಯವನಿಗೇನು ಗೊತ್ತು? ಮುಂದೆ ಹೋಗವ್ವ."

ಮೂರು ರಾಜ್ಯದ ನ್ಯಾಯಾಧೀಶರೂ ಕೈಚೆಲ್ಲಿದರು. ಗಡಿಯಾಚೆ ತಮ್ಮ ಕಾನೂನು ನಡೆಯದು ಎಂದರು. ಅವಳು ಬಿಡಲಿಲ್ಲ. ನಾಲ್ಕು ತಿಂಗಳು ಅಲೆದಳು. ಕಡೆಗೆ ಮೂವರೂ ಕೂಡಿ ವಿಚಾರಿಸಲು ಒಪ್ಪಿದರು.

ಆ ಸೀಮೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರೋ ಇಲ್ಲವೋ ಎಂಬುದನ್ನು ಒಲೆ ಎಣಿಸಿ ತಿಳಿಯುತ್ತಿದ್ದರು. ನಾಳೆ ಒಲೆ ನೋಡುತ್ತೇವೆ ಎಂದು ಹೇಳಿ ಕಳಿಸಿದರು. ಸಾಹುಕಾರ ಅಂದೇ ಹಂಪಯ್ಯನಿಂದ ಇನ್ನೆರಡು ಒಲೆ ಹಾಕಿಸಿದ. "ನನ್ನ ಉಪ್ಪು ತಿಂದಿದ್ದೀಯ, ನೆನಪಿರಲಿ" ಎಂದ.

ಮರುದಿನ ಅಂಗಳದಲ್ಲಿ ವಿಚಾರಣೆ. ಅಣ್ಣತಮ್ಮಂದಿರು ಊರಲ್ಲಿಲ್ಲ ಎಂದು ಸಾಹುಕಾರ ಒಬ್ಬನೇ ಬಂದ. "ಒಲೆ ಎಷ್ಟಯ್ಯ?" ಎಂದು ನ್ಯಾಯಾಧೀಶರು ಕೇಳಿದರು.

"ಮೂರು" ಎಂದ ಹಂಪಯ್ಯ.

ಗಾಳೆವ್ವ ಸಿಟ್ಟಾಗಲಿಲ್ಲ. ಚೊಂಬು ಅವನ ಕೈಗಿತ್ತಳು. "ಉಂಡ ಮನೆ, ಏನು ಮಾಡ್ತೀಯ. ಇದನ್ನ ಚೆಲ್ಲಿ ಒಂದಿಷ್ಟು ಒಳ್ಳೇ ನೀರು ಕೊಡಪ್ಪ."

ಹಂಪಯ್ಯ ಒಳಗೆ ಹೋದ. ಹಿತ್ತಲಿನ ಸೊಪ್ಪಿನ ಮಡಿಗೆ ಸುರಿಯಲು ಮನಸ್ಸು ಬರಲಿಲ್ಲ. ಪಕ್ಕದಲ್ಲಿ ಹಸು ಕಟ್ಟಿದ್ದರು, ಚೆಲ್ಲಿದರೆ ಅದು ನೆಕ್ಕೀತು. ಬಚ್ಚಲ ನೀರು ಬಾಳೆಗೆ ಹೋಗುತ್ತಿತ್ತು. ಚೆಲ್ಲಲು ಆ ಮನೆಯಲ್ಲಿ ಒಂದು ಜಾಗ ಸಿಗಲಿಲ್ಲ. ಇದನ್ನೇ ಆ ಹಳ್ಳಿಯವರು ಕುಡಿದರಲ್ಲ ಎಂದುಕೊಂಡ.

ನೀಲಿ ನೀರಿನ ಸಮೇತ ಹೊರಬಂದ. "ಸ್ವಾಮಿ, ಒಲೆ ಒಂದೇ. ಇನ್ನೆರಡು ನಿನ್ನೆ ನಾನೇ ಹಾಕಿದ್ದು. ಮುಟ್ಟಿ ನೋಡಿ, ಮಣ್ಣು ಹಸಿಯಿದೆ. ಮೂರು ಪೇಟವೂ ಒಂದೇ ಗೂಟದವು, ಸುತ್ತುವವನೂ ಒಬ್ಬನೇ."

ಮೂವರೂ ಒಟ್ಟಿಗೆ ತೀರ್ಪು ಕೊಟ್ಟರು. ಮನೆ ಒಂದೇ. ಯಾವ ಬಾಗಿಲು ತಟ್ಟಿದರೂ ಸಾಹುಕಾರನೇ ಉತ್ತರ ಕೊಡಬೇಕು. ಕೊಳೆನೀರು ನಿಲ್ಲಿಸಬೇಕು, ಬಾವಿ ತೋಡಿಸಬೇಕು.

ಹಂಪಯ್ಯ ಬೇರೆ ಚೊಂಬಿನಲ್ಲಿ ನೀರು ತಂದ. "ಮೊಮ್ಮಗಳಿಗೂ ಇನ್ನು ಒಳ್ಳೇ ನೀರು ಸಿಗ್ತದೆ, ತಾಯಿ."

"ಅವಳು ಹೋಗಿ ಹದಿನೈದು ದಿನ ಆಯ್ತಪ್ಪ. ಊರಲ್ಲಿ ಬೇರೆ ಮಕ್ಕಳಿವೆ. ಅದಕ್ಕೇ ಬಂದೆ."

ಅಂದು ಕಿಟಕಿಯಲ್ಲಿ ಅವಳು ಕೇಳಿದ್ದು ಹಂಪಯ್ಯನಿಗೆ ನೆನಪಾಯಿತು. ಅವಳಿಗೂ ನೆನಪಿತ್ತು. ಆ ಮಾತು ಅವಳು ಎತ್ತಲಿಲ್ಲ. ನೀರು ಕುಡಿದು ಚೊಂಬು ಹಿಂದಿರುಗಿಸಿದಳು. ಅವನು ತಲೆ ಎತ್ತದೆ ತೆಗೆದುಕೊಂಡ.

ನೀತಿ: ಲಾಭ ಒಳಬರುವಾಗ ಒಂದೇ ಆಗಿರುವ ಮನೆ, ಉತ್ತರ ಹೇಳುವಾಗಲೂ ಒಂದೇ. ಹಲವು ದೇಶಗಳಲ್ಲಿ ಹಲವು ಹೆಸರಿಟ್ಟುಕೊಂಡ ದೊಡ್ಡ ಕಂಪನಿಗಳಿಗೂ ಇದೇ ಮಾತು. ಅವರನ್ನು ಒಂದೊಂದೇ ದೇಶ ಕೇಳಿದರೆ ಸಾಲದು, ಕೂಡಿ ಕೇಳಬೇಕು. ಒಳಗಿದ್ದು ಕಂಡವನು ಮೊದಲ ದಿನವೇ ಹೇಳಬೇಕು. ತಡವಾಗಿ ಹೇಳಿದ ಸತ್ಯ ಬಾವಿ ತೋಡಿಸೀತು, ಹೋದವರನ್ನು ತಂದುಕೊಡದು.