ಗೊರವಂಕ ಹೇಳಿದ ತಾಯಿಯ ಕಥೆ

ದೂರದ ಕಾಡಿನಿಂದ ಬಂದ ಮುದಿ ಗೊರವಂಕವೊಂದು ಆಲದ ಮರದಲ್ಲಿ ದಿನವೂ ಸಂಜೆ ಹಕ್ಕಿಗಳಿಗೆ ಕಥೆ ಹೇಳುತ್ತಿತ್ತು. ಒಮ್ಮೆ, ಕಾಳ್ಗಿಚ್ಚಿಗೆ ಹೆದರಿ ಮರಿಗಳನ್ನು ಬಿಟ್ಟು ಹಾರಿಹೋದ ತಾಯಿಹಕ್ಕಿಯ ಕಥೆ ಹೇಳಿತು.

"ಯಾರಜ್ಜೀ ಆ ತಾಯಿ?" ಎಂದಿತು ಕಾಗೆ.

"ಬರಿಯ ಕಥೆಯಪ್ಪಾ."

"ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಮೊನ್ನೆ ಒಂಟಿಯಾಗಿ ಬಂದಳಲ್ಲ ಬೆಳವಕ್ಕಿ, ಅವಳೇ ಇರಬೇಕು!"

ಹಕ್ಕಿಗಳೆಲ್ಲ ಬೆಳವಕ್ಕಿಯತ್ತ ತಿರುಗಿದವು. "ನಾನಲ್ಲ" ಎಂದು ಅದು ಗೊರವಂಕದ ಮುಖ ನೋಡಿತು. ನಿಜ ಹೇಳಿದರೆ ಆ ಕಣ್ಣುಗಳೆಲ್ಲ ತನ್ನತ್ತ ತಿರುಗುತ್ತವೆಂದು ಹೆದರಿ ಗೊರವಂಕ ಸುಮ್ಮನಿತ್ತು.

ಬೆಳಗಾದಾಗ ಬೆಳವಕ್ಕಿಯ ಕೊಂಬೆ ಬರಿದಾಗಿತ್ತು. ಗೊರವಂಕ ಮಧ್ಯಾಹ್ನದವರೆಗೂ ಕೂಗಿ ಹುಡುಕಿತು, ಅದು ಸಿಗಲಿಲ್ಲ.

ಸಂಜೆ ಎಲ್ಲರೂ ನೆರೆದಾಗ ಗೊರವಂಕ ಹೇಳಿತು: "ಆ ತಾಯಿ ನಾನೇ. ನಿನ್ನೆಯೂ ಹೆದರಿ ಒಬ್ಬಳನ್ನು ಕೈಬಿಟ್ಟೆ."

ಕಾಗೆ ರೆಕ್ಕೆ ಬಡಿಯಿತು. "ಭಲೇ, ಅಜ್ಜೀ! ಕಥೆ ಕಟ್ಟುವುದನ್ನು ನಿನ್ನಿಂದ ಕಲಿಯಬೇಕು!"